ಗೇಟು ದಾಟುವುದಕ್ಕೆ ಕುಂಕುಮ

ಬೋರ್ಡಿನ ಮೇಲೆ ಜ್ವಾಲಾಮುಖಿ ಬರೆಯುವುದರಲ್ಲಿ ನಮ್ಮ ಶಾಲೆಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ. ಮೊದಲು ಬಿಳಿ ಸೀಮೆಸುಣ್ಣದಲ್ಲಿ ಬೆಟ್ಟದ ಎರಡು ಇಳಿಜಾರು, ನಡುವೆ ಒಂದು ಕೊಳವೆ, ಕೆಳಗೆ ಹೊಟ್ಟೆಯ ಹಾಗೆ ಶಿಲಾಪಾಕದ ಕೋಣೆ, ಆಮೇಲೆ ಕೆಂಪು, ಅದರ ಮೇಲೆ ಸ್ವಲ್ಪ ಕಿತ್ತಳೆ. ಬೂದಿಗೆ ಬೇರೆ ಬಣ್ಣ ಬೇಕಿಲ್ಲ, ಡಸ್ಟರನ್ನೇ ಬೋರ್ಡಿಗೆ ಒಮ್ಮೆ ತಟ್ಟಿದರೆ ಆಯಿತು. ಯಲಹಂಕದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರಾಗಿ ನಾನು ಈ ಚಿತ್ರವನ್ನು ವರ್ಷಾ ವರ್ಷ ಬರೆದಿದ್ದೇನೆ, ವರ್ಷಾ ವರ್ಷ ಅಳಿಸಿದ್ದೇನೆ.

ಒಂದು ಸಲ ಹಾಗೇ ಕೆಂಪು ತುಂಬುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ನೀವು ಇದನ್ನ ನೋಡಿದ್ದೀರಾ?"

"ಇಲ್ಲಮ್ಮ," ಎಂದೆ.

"ಮತ್ತೆ ಇಷ್ಟು ಕರೆಕ್ಟಾಗಿ ಹೆಂಗ್ ಬರೀತೀರಾ?"

ಇಡೀ ತರಗತಿ ಗೊಳ್ಳೆಂದು ನಕ್ಕಿತು. ಆ ಹುಡುಗಿ ತಲೆಹರಟೆಯವಳಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದಳು, ನನಗೆ ನಾಟಿದ್ದೂ ಅದಕ್ಕೇ. ಪುಸ್ತಕ, ಉಪಗ್ರಹ, ವಿಜ್ಞಾನಿಗಳು ಎಂದು ಏನೇನೋ ಹೇಳಿ ಕೂರಿಸಿದೆ. ಸಂಜೆ ಸ್ಕೂಟರಿನಲ್ಲಿ ಮನೆಗೆ ಬರುವಾಗ ಕೋಗಿಲು ಕ್ರಾಸ್ ಸಿಗ್ನಲ್ಲಿನಲ್ಲಿ ನಿಂತು ಲೆಕ್ಕ ಹಾಕಿದೆ. ನನಗೆ ನಿವೃತ್ತಿಯಾಗುವ ಮುಂಚೆ ಇನ್ನೊಂದೇ ಒಂದು ಬ್ಯಾಚು ಉಳಿದಿತ್ತು. ಆ ಒಂದು ಬ್ಯಾಚಿಗಾದರೂ ಈ ಪಾಠವನ್ನು ಕಣ್ಣಾರೆ ಕಂಡು ಬಂದು ಮಾಡಬೇಕು. ಹಸಿರು ದೀಪ ಬರುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಹಿಂದಿನವನು ಹಾರ್ನ್ ಹೊಡೆದು ಬೈದದ್ದೂ ಆಯಿತು.

ಅಲ್ಲಿಯವರೆಗೆ ನಾನು ದೇಶ ಬಿಟ್ಟು ಹೋದವಳಲ್ಲ. ವಿಮಾನವನ್ನಂತೂ ಹತ್ತಿಯೇ ಇರಲಿಲ್ಲ. ಕೋಗಿಲು ರಸ್ತೆಯ ಒಳಗಿರುವ ನಮ್ಮ ಮನೆಯ ತಾರಸಿಯಲ್ಲಿ ಬಟ್ಟೆ ಒಣಗಿಸುವಾಗ ತಲೆ ಎತ್ತಿದರೆ ಸಾಕು, ವಿಮಾನ ನಿಲ್ದಾಣದ ಕಡೆ ಇಳಿಯುತ್ತಿರುವ ವಿಮಾನದ ಚಕ್ರಗಳು ಕಾಣುತ್ತವೆ. ಜಗತ್ತೆಲ್ಲ ನಮ್ಮ ಸೀರೆ, ಟವೆಲುಗಳ ಮೇಲೇ ಹಾದು ಹೋಗುತ್ತದೆ, ನಾವು ಮಾತ್ರ ಕ್ಲಿಪ್ ಹಾಕುತ್ತ ನಿಂತಿರುತ್ತೇವೆ ಎಂದು ನನಗೆ ಆಗಾಗ ಸಿಟ್ಟು ಬರುತ್ತಿತ್ತು.

ನನ್ನ ಯಜಮಾನರು ಹಾವೇರಿ ಕಡೆಯವರು. ಹುಡುಗನಾಗಿದ್ದಾಗಲೇ ಪೀಣ್ಯಕ್ಕೆ ಬಂದು, ಟಿ. ದಾಸರಹಳ್ಳಿಯ ಬಾಡಿಗೆ ರೂಮಿನಲ್ಲಿದ್ದುಕೊಂಡು, ಯಂತ್ರಗಳನ್ನು ತಯಾರಿಸುವ ಒಂದು ಕಾರ್ಖಾನೆಗೆ ಸೇರಿದವರು. ಅಲ್ಲಿ ಅವರದು ತಪಾಸಣೆಯ ಕೆಲಸ. ತಯಾರಾದ ಯಂತ್ರ ಸರಿಯಿದೆಯೋ ಇಲ್ಲವೋ ಎಂದು ಅಳೆದು, ಓಡಿಸಿ, ಕೇಳಿ ಹೇಳಬೇಕು. ಕೇಳುವುದೆಂದರೆ ನಿಜವಾಗಿ ಕಿವಿಯಿಂದಲೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡರೆ ಒಳಗಿನ ಬೇರಿಂಗು ಹೇಗಿದೆ ಎಂದು ಅವರಿಗೆ ತಿಳಿಯುತ್ತದೆ. ನಿವೃತ್ತರಾದ ಮೇಲೆ ನಮ್ಮ ಮಿಕ್ಸಿ, ವಾಷಿಂಗ್ ಮೆಷೀನು, ಪಕ್ಕದ ಮನೆಯ ನೀರಿನ ಮೋಟರು ಎಲ್ಲವೂ ಈ ಪರೀಕ್ಷೆಗೆ ಒಳಗಾದವು. ಮಗಳು ಮದುವೆಯಾಗಿ ಮೈಸೂರು ಸೇರಿದ್ದರಿಂದ ಮನೆಯಲ್ಲಿ ತಪಾಸಣೆಗೆ ಉಳಿದವಳು ನಾನೊಬ್ಬಳೇ.

ಜಾವಾ ದ್ವೀಪದಲ್ಲಿ ಬಾಯಿಯ ಅಂಚಿನ ತನಕ ಮೆಟ್ಟಿಲಿರುವ ಒಂದು ಜ್ವಾಲಾಮುಖಿ ಇದೆಯೆಂದೂ, ಡಿಸೆಂಬರ್ ಕೊನೆಯ ರಜೆಯಲ್ಲಿ ಇಬ್ಬರೂ ಅಲ್ಲಿಗೆ ಹೋಗುವುದೆಂದೂ ನಾನು ಊಟಕ್ಕೆ ಬಡಿಸುತ್ತ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಬೆಂಗಳೂರಿಗೆ ಬಂದು ಎಷ್ಟು ಕಾಲವಾದರೂ ಮನೆಯೊಳಗೆ ಅವರ ಮಾತು ಹಾವೇರಿಯದೇ.

"ಬೆಂಕಿ ನೋಡಾಕ ಅಲ್ಲೀತನಕ ಯಾಕ ಹೋಗಬೇಕ? ನಾ ಅದನ್ನ ನಮ್ಮ ಹಾಲ್‌ಗೇ ತರ್ತೀನಿ ತಡಿ."

"ಹಾಲ್‌ಗೆ ಹೆಂಗ್ರೀ ತರ್ತೀರಾ?"

"ಟಿವಿ ಕೆಳಗ ಒಂದು ಕಂಪ್ಯೂಟರ್ ಕಟ್ಟತೀನಿ. ಜಗತ್ತಿನ್ಯಾಗ ಇರೂ ವಿಡಿಯೋ ಎಲ್ಲಾ ಅದರಾಗ. ಕುಂತಲ್ಲೇ ನೋಡು."

ಕಟ್ಟಿಯೇಬಿಟ್ಟರು. ನಾನು ಪ್ರವಾಸದ ತಯಾರಿ ಶುರುಮಾಡಿದ ವಾರವೇ ಅವರೂ ಶುರುಮಾಡಿದರು. ನಮ್ಮ ಊಟದ ಮೇಜಿನ ಒಂದು ಅರ್ಧದಲ್ಲಿ ನನ್ನ ನಕ್ಷೆಗಳು, ಇನ್ನೊಂದು ಅರ್ಧದಲ್ಲಿ ಅವರ ಸ್ಕ್ರೂಗಳು, ನಡುವೆ ಗಡಿಯಾಗಿ ಉಪ್ಪಿನಕಾಯಿ ಭರಣಿ. ನನ್ನ ಕಾಗದವೊಂದು ಗಾಳಿಗೆ ಹಾರಿ ಆ ಕಡೆ ಹೋದರೆ ಅವರು ಮಾತಾಡದೆ ಈ ಕಡೆ ತಳ್ಳುತ್ತಿದ್ದರು. ಅವರ ಸ್ಕ್ರೂ ಈ ಕಡೆ ಉರುಳಿದರೆ ನಾನೂ ಹಾಗೇ ಮಾಡುತ್ತಿದ್ದೆ.

ಬಿಡಿಭಾಗ ಕೊಳ್ಳಲು ಎಸ್.ಪಿ. ರೋಡಿಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯಲ್ಲಿ ಅವರು ಜೇಬಿನಿಂದ ವರ್ನಿಯರ್ ತೆಗೆದು ಕ್ಯಾಬಿನೆಟ್ಟಿನ ಒಳಗಿನ ಜಾಗ ಅಳೆಯತೊಡಗಿದರು. ಅಂಗಡಿಯವನು ಕೈಕಟ್ಟಿ ನೋಡಿದ.

"ಸರ್, ಇದು ಕಂಪ್ಯೂಟರ್ ಕಣ್ರೀ, ಲಾರಿ ಇಂಜಿನ್ ಅಲ್ಲ."

"ಗೊತ್ತೈತಿ. ಫ್ಯಾನ್ ಓಡಿಸಿ ತೋರಿಸ್ರಿ."

ಒಂದಾದ ಮೇಲೊಂದು ಫ್ಯಾನು ಓಡಿಸಿ, ಸ್ಕ್ರೂಡ್ರೈವರ್ ಒತ್ತಿ, ಕಣ್ಣು ಮುಚ್ಚಿ ಕೇಳಿದರು. ಹಾಲ್‌ನಲ್ಲಿ ಇಡುವ ಯಂತ್ರ, ಸದ್ದು ಮಾಡಬಾರದು ಎಂಬುದು ಅವರ ಹಠ. ಕೊನೆಗೆ ಅವರ ಕಿವಿಗೆ ಒಪ್ಪಿದ ಫ್ಯಾನು ಅಂಗಡಿಯವನ ಸ್ವಂತ ಕಂಪ್ಯೂಟರಿನಲ್ಲಿ ತಿರುಗುತ್ತಿದ್ದುದು. ಅದೇ ಬೇಕೆಂದರು. ಅವನು ಮೊದಲು ನಕ್ಕ, ಆಮೇಲೆ ಬೈದುಕೊಂಡ, ಕಡೆಗೆ ಬಿಚ್ಚಿ ಕೊಟ್ಟ. ಆ ಹೊತ್ತಿಗೆ ನನಗೆ ಅರ್ಥವಾಗಿತ್ತು, ಇವರು ತಮಾಷೆಗೆ ಕಟ್ಟುತ್ತಿಲ್ಲ. ಇದು ನನ್ನ ಪ್ರವಾಸದ ಎದುರಿಗೆ ಹೂಡಿದ ಮೊಕದ್ದಮೆ.

ಹಾಗಂತ ನಾನು ಸಹಾಯ ಮಾಡದೆ ಇರಲಿಲ್ಲ. ಟಾರ್ಚ್ ಹಿಡಿದೆ. ಬಿಸಿ ಹೊರಹೋಗಲೆಂದು ಪ್ರೊಸೆಸರಿನ ತಲೆಯ ಮೇಲೆ ಹಚ್ಚುವ ಬೂದುಬಣ್ಣದ ಪೇಸ್ಟನ್ನು ಅವರು ಧಾರಾಳವಾಗಿ ಹಿಂಡಲು ಹೋದಾಗ, ಸಾಸಿವೆ ಕಾಳಿನಷ್ಟು ಸಾಕಂತೆ ಎಂದು ತಡೆದೆ. ಟಿವಿ ಇಡುವ ಶೋಕೇಸಿನ ಹಿಂಬದಿಯ ಹಲಗೆಗೆ ಗಾಳಿಯಾಡಲು ತೂತು ಕೊರೆದರು. ಮಗಳ ಮದುವೆಗೆಂದು ಮಾಡಿಸಿದ್ದ ಶೋಕೇಸು. ಬಿದ್ದ ಹೊಟ್ಟನ್ನು ನಾನೇ ಗುಡಿಸಿದೆ. ಎಲ್ಲ ಜೋಡಿಸಿ ಸ್ವಿಚ್ ಒತ್ತಿದರೆ ಟಿವಿಯ ಮೇಲೆ ಏನೂ ಬರಲಿಲ್ಲ. ಅವರು ಮುಖ ಇಳಿಬಿಟ್ಟು ಕೂತರು. ನನಗೆ ಕೂತವರನ್ನು ಕಂಡರೆ ಆಗುವುದಿಲ್ಲ. ಟಾರ್ಚ್ ಹಾಕಿ ನೋಡಿದೆ, ಮೆಮೊರಿಯ ಪಟ್ಟಿ ಒಂದು ಕಡೆ ಕೂದಲೆಳೆಯಷ್ಟು ಎದ್ದಿತ್ತು. ಹೆಬ್ಬೆರಳಿನಲ್ಲಿ ಒತ್ತಿದೆ, ಟಕ್ಕೆಂದು ಕೂತಿತು, ಟಿವಿ ಬೆಳಗಿತು.

"ನೀ ನಮ್ಮ ಫ್ಯಾಕ್ಟರಿಗೆ ಬರಬೇಕಾಗಿತ್ತು," ಎಂದರು. ಅಂಥ ಮಾತು ಅವರ ಬಾಯಿಂದ ಬರುವುದು ಅಪರೂಪ.

ಮೊದಲು ಹಾಕಿದ್ದೇ ಜ್ವಾಲಾಮುಖಿಯ ವಿಡಿಯೋ. ದೊಡ್ಡ ಪರದೆಯ ತುಂಬ ಹೊಗೆ ಏಳುತ್ತಿತ್ತು, ಬೂದಿಯ ಬಯಲು ಮಿನುಗುತ್ತಿತ್ತು, ಸದ್ದು ಮಾತ್ರ ಸ್ಪೀಕರಿನದು, ಕಂಪ್ಯೂಟರಿನದು ಕೇಳಿಸಲೇ ಇಲ್ಲ. ಬಹಳ ಚೆನ್ನಾಗಿತ್ತು, ಒಪ್ಪಿಕೊಳ್ಳುತ್ತೇನೆ.

"ನೋಡಿದೆಲ್ಲ? ಮುಗೀತು," ಎಂದರು.

"ವಾಸನೆ ಎಲ್ರೀ?" ಎಂದೆ.

ನಾನು ಅಲ್ಲಿಗೇ ಬಿಡಲಿಲ್ಲ. "ಗಂಧಕದ ವಾಸನೆ ಬರುತ್ತೆ ಅಂತ ನಾನು ಮಕ್ಕಳಿಗೆ ಹೇಳಿದ್ದೇ ಹೇಳಿದ್ದು. ಹೆಂಗಿರುತ್ತೆ ಅಂತ ನಂಗೇ ಗೊತ್ತಿಲ್ಲ. ಅದು ನಿಮ್ಮ ಪೆಟ್ಟಿಗೇಲಿ ಬರುತ್ತಾ?" ಎಂದು ಕೇಳಿ, ಕೀಬೋರ್ಡನ್ನು ಅವರ ತೊಡೆಯಿಂದ ನನ್ನ ತೊಡೆಗೆ ಎಳೆದುಕೊಂಡೆ. ಅವರು ಕಟ್ಟಿದ ಕಂಪ್ಯೂಟರಿನಲ್ಲೇ, ಅವರ ಕಣ್ಣೆದುರೇ, ಆ ದೊಡ್ಡ ಪರದೆಯ ಮೇಲೇ ವಿಮಾನದ ಟಿಕೆಟ್ ತೆಗೆದೆ.

"ಎರಡ ಯಾಕ?" ಎಂದರು ಮೆಲ್ಲಗೆ.

"ನಾವಿರೋದು ಇಬ್ರು, ಅದಕ್ಕೆ."

ಅವರು ಗಿಡಕ್ಕೆ ನೀರು ಹಾಕಲು ಎದ್ದು ಹೋದರು. ಆವತ್ತು ಆಗಲೇ ಮಳೆ ಬಂದು ಹೋಗಿತ್ತು.

ಇಬ್ಬರ ಪಾಸ್‌ಪೋರ್ಟುಗಳೂ ಅದಕ್ಕೂ ಮುಂಚೆಯೇ ಬಂದಿದ್ದವು. ಅವರದಕ್ಕೆ ಅರ್ಜಿ ಹಾಕಿದ್ದೂ ನಾನೇ, ಕೈಹಿಡಿದು ಫೋಟೋಕ್ಕೆ ಕರೆದೊಯ್ದಿದ್ದೂ ನಾನೇ. ಜ್ವಾಲಾಮುಖಿಯ ಪಾಠವನ್ನು ಜನವರಿಗೆ ಮುಂದೂಡುತ್ತೇನೆಂದು ಮುಖ್ಯೋಪಾಧ್ಯಾಯಿನಿಯ ಹತ್ತಿರ ಒಪ್ಪಿಗೆ ತೆಗೆದುಕೊಂಡಿದ್ದೆ. ತರಗತಿಯಲ್ಲಿ ಮಕ್ಕಳಿಗೂ ಹೇಳಿಬಿಟ್ಟಿದ್ದೆ, ಈ ಪಾಠ ನಾನು ನೋಡಿಕೊಂಡು ಬಂದು ಮಾಡುತ್ತೇನೆ ಎಂದು. ಅಲ್ಲಿಗೆ ಹಿಂದೆ ಸರಿಯುವ ದಾರಿಯನ್ನು ನಾನೇ ಮುಚ್ಚಿಕೊಂಡಂತಾಯಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಅವರ ಮಾತಿನಲ್ಲಿ ಖಂಡೇ ಪೂಜಿ. ಕಾರ್ಖಾನೆಯವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಕೋಗಿಲಿನ ಹಳೇ ಊರಿನೊಳಗೆ ಅಣ್ಣನ ಮನೆಯಲ್ಲಿರುವ ನನ್ನ ಅಮ್ಮನೂ ಬಂದಿದ್ದಳು. ಹಾಲ್‌ನಲ್ಲಿ ರಂಗೋಲಿ ಹಾಕಿ, ಮಣೆ ಹಾಕಿ, ಮನೆಯ ಆಯುಧಗಳನ್ನೆಲ್ಲ ಸಾಲಾಗಿ ಇಟ್ಟೆವು. ಅವರ ವರ್ನಿಯರು, ಸ್ಕ್ರೂಡ್ರೈವರು, ಸುತ್ತಿಗೆ, ಮಿಕ್ಸಿ, ಈಳಿಗೆಮಣೆ, ನನ್ನ ಸೀಮೆಸುಣ್ಣದ ಡಬ್ಬಿ, ಕನ್ನಡಕ, ಹೊಸ ಕಂಪ್ಯೂಟರಿಗೆ ಅದು ಇದ್ದಲ್ಲೇ ಚೆಂಡುಹೂವಿನ ಮಾಲೆ. ಪಾಸ್‌ಪೋರ್ಟುಗಳನ್ನು ಇಟ್ಟವಳು ನಾನೇ. ಈ ವರ್ಷ ನನ್ನ ನಿಜವಾದ ಆಯುಧ ಅದೇ ಅನಿಸಿತ್ತು. ಎರಡನ್ನೂ ಮಣೆಯ ತುದಿಯಲ್ಲಿ ಇಟ್ಟು ಒಬ್ಬಟ್ಟು ಬೇಯಿಸಲು ಒಳಗೆ ಹೋದೆ. ಅರಿಶಿನ ಕುಂಕುಮ ಹಚ್ಚುವುದು ಯಾವತ್ತೂ ಅವರ ಕೆಲಸ.

ಪೂಜೆಗಿಟ್ಟ ಆಯುಧವನ್ನು ಆ ದಿನ ಯಾರೂ ಮುಟ್ಟುವುದಿಲ್ಲ. ಮಾರನೇ ದಿನ ವಿಜಯದಶಮಿಯ ಬೆಳಿಗ್ಗೆ ಹೂವು ತೆಗೆದು ಒಂದೊಂದನ್ನೇ ಒರೆಸಿ ಎತ್ತಿಡುತ್ತಿದ್ದೆ. ನನ್ನ ಪಾಸ್‌ಪೋರ್ಟು ಸ್ವಲ್ಪ ಉಬ್ಬಿದ ಹಾಗೆ ಕಂಡಿತು. ತೆರೆದೆ.

ನನ್ನ ಫೋಟೋ ಇರುವ ಪುಟದ ನಾಲ್ಕೂ ಮೂಲೆಗೆ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ. ಎದುರು ಪುಟದ ನೆತ್ತಿಯಲ್ಲಿ ಕುಂಕುಮದಲ್ಲೇ ದೊಡ್ಡದಾಗಿ ಒಂದು ಶ್ರೀ. ಹಸಿ ಇದ್ದಾಗಲೇ ಮುಚ್ಚಿದ್ದರಿಂದ ಈ ಪುಟದ್ದು ಆ ಪುಟಕ್ಕೆ, ಆ ಪುಟದ್ದು ಈ ಪುಟಕ್ಕೆ ಅಂಟಿಕೊಂಡು, ಯಂತ್ರ ಓದಬೇಕಾದ ಕೆಳಗಿನ ಸಾಲುಗಳ ಮೇಲೆಲ್ಲ ಕೆಂಪು, ಹಳದಿ ಹರಡಿಹೋಗಿತ್ತು. ಸೆರಗಿನಿಂದ ಒರೆಸಿದೆ, ಇನ್ನಷ್ಟು ಹರಡಿತು.

ಅವರ ಪಾಸ್‌ಪೋರ್ಟು ತೆಗೆದು ನೋಡಿದೆ. ಒಂದು ಚುಕ್ಕೆಯೂ ಇರಲಿಲ್ಲ, ಹೊಳೆಯುತ್ತಿತ್ತು.

"ಬೇಕಂತಲೇ ಮಾಡಿದ್ದೀರಾ!" ಎಂದು ಕೂಗಿದೆ. ಹಬ್ಬದ ದಿನ ಕೂಗಬಾರದೆಂಬುದೆಲ್ಲ ಮರೆತುಹೋಯಿತು. "ನಾನು ಹೋಗಬಾರದು ಅಂತಲೇ ಮಾಡಿದ್ದೀರಾ! ಕಂಪ್ಯೂಟರ್ ಕಟ್ಟಿ ನೋಡಿದ್ರಿ, ಆಗ್ಲಿಲ್ಲ. ಈಗ ಇದು. ನಿಮ್ಮದಕ್ಕೆ ಯಾಕ್ರೀ ಹಚ್ಚಿಲ್ಲ? ಹೇಳಿ!"

ಅವರು ಪಾಸ್‌ಪೋರ್ಟನ್ನು ನೋಡಿದರು, ನನ್ನನ್ನು ನೋಡಿದರು. "ನಾ ಹಂಗ ಯಾಕ ಮಾಡ್ಲಿ," ಎಂದಷ್ಟೇ ಹೇಳಿ ತಾರಸಿ ಹತ್ತಿ ಹೋದರು.

ಅಮ್ಮ ಮೂಲೆಯಲ್ಲಿ ಹೂವು ಬಿಡಿಸುತ್ತಾ ಕೂತಿದ್ದಳು. "ಅಳಿಯಂದ್ರು ಅಂಥೋರಲ್ಲ ಕಣಮ್ಮ. ಇಂಗೆ ಕೂಗಾಡ್ಬೇಡ, ಓಗಿ ಕೇಳು," ಎಂದಳು. ನಾನು ಹೋಗಲಿಲ್ಲ. ನನಗೆ ಅಳು ಬರುತ್ತಿತ್ತು, ಅಳುತ್ತ ಯಾರ ಮುಂದೆಯೂ ನಿಲ್ಲುವವಳಲ್ಲ ನಾನು.

ಹಬ್ಬ ಕಳೆದ ಮೇಲೆ ಯಲಹಂಕದಲ್ಲಿ ಟ್ರಾವೆಲ್ಸ್ ನಡೆಸುವ ಹೆಂಗಸಿಗೆ ಅದನ್ನು ತೋರಿಸಿದೆ. "ಅಯ್ಯೋ ಮೇಡಂ, ಇದನ್ನ ಹಿಡ್ಕೊಂಡು ಹೋದ್ರೆ ಕೌಂಟರಲ್ಲೇ ವಾಪಸ್ ಕಳಿಸ್ತಾರೆ. ಹಾಳಾಗಿದೆ ಅಂತ ಬರೆದು ಹೊಸದಕ್ಕೆ ಹಾಕಿ. ಡಿಸೆಂಬರ್ ಒಳಗೆ ಬಂದ್ರೆ ನಿಮ್ಮ ಪುಣ್ಯ, ನಾನಂತೂ ಹೇಳಕ್ಕಾಗಲ್ಲ," ಎಂದಳು. ಪುಣ್ಯವನ್ನು ನಂಬಿ ಕೂರುವ ಜಾಯಮಾನ ನನ್ನದಲ್ಲ. ಅವಳ ಅಂಗಡಿಯಲ್ಲಿ ಕೂತೇ ಅರ್ಜಿ ಹಾಕಿದೆ. ಡಿಸೆಂಬರಿನಲ್ಲಿ ಆಗದಿದ್ದರೆ ನನಗೆ ಇನ್ನೊಂದು ಡಿಸೆಂಬರ್ ಇರಲಿಲ್ಲ. ಪ್ರವಾಸವೇನೋ ಮುಂದಿನ ವರ್ಷವೂ ಹೋಗಬಹುದು, ಆದರೆ ತರಗತಿ ಇರುವುದಿಲ್ಲ.

ಮನೆಯಲ್ಲಿ ಮಾತು ನಿಂತಿತು. ಉಪ್ಪು ಬೇಕೆ, ಹಾಲು ಬಂತೆ, ಅಷ್ಟೆ. ಒಂದು ಸಂಜೆ ಶಾಲೆಯಿಂದ ಬಂದಾಗ ಅವರು ಕಂಪ್ಯೂಟರಿನ ಮುಚ್ಚಳ ಬಿಚ್ಚಿಕೊಂಡು, ಹಬ್ಬದ ಹೂವಿನ ಎಸಳುಗಳನ್ನು ಫ್ಯಾನಿನಿಂದ ಕುಂಚದಲ್ಲಿ ತೆಗೆಯುತ್ತಿದ್ದರು. ನಾನು ಬ್ಯಾಗು ಇಳಿಸಿ ಎದುರಿಗೇ ಕೂತೆ.

"ನಿಮ್ಮದಕ್ಕೆ ಯಾಕೆ ಹಚ್ಚಲಿಲ್ಲ? ಅದೊಂದು ಹೇಳಿಬಿಡಿ, ಇನ್ನೇನೂ ಕೇಳಲ್ಲ."

ಕುಂಚ ಕೆಳಗಿಡದೆಯೇ ಹೇಳಿದರು. "ಫ್ಯಾಕ್ಟರ್‍ಯಾಗ ಹೊಸಾ ಮಷೀನ್ ಲಾರಿ ಹತ್ತಿ ಹೊಂಟಾಗ ನಾಕೂ ಮೂಲಿಗೆ ಅರಿಶಿಣ ಕುಂಕುಮ ಹಚ್ಚತೀವಿ. ಹೊರಗ ಹಚ್ಚಿದ್ರ ಮಳಿ, ಧೂಳು, ದಾರ್‍ಯಾಗ ಅಳಿಸಿ ಹೋಗತೈತಿ. ಅದಕ್ಕ ಪ್ಯಾನೆಲ್ ಬಾಗಲಾ ತಗದು ಒಳಗ ಹಚ್ಚೂದು, ಮ್ಯಾಲೆ ಒಂದು ಶ್ರೀ ಬರಿಯೂದು. ಎಷ್ಟ ದೂರ ಹೋದ್ರೂ ಅದು ಒಳಗ ಇರತೈತಿ. ನಾ ಇಷ್ಟ ವರ್ಷ ಮಾಡಿದ್ದು ಅದನ್ನ. ನಿಂದಕ್ಕೂ ಹಂಗ ಮಾಡಿದೆ. ಪಾಸ್‌ಪೋರ್ಟ್ ಹಾಳಾಗತೈತಿ ಅಂತ ನನಗ ಹೊಳೀಲೇ ಇಲ್ಲ."

"ನಿಮ್ಮದಕ್ಕೆ?"

"ಗೇಟ್ ದಾಟೂದಕ್ಕ ಹಚ್ಚೂದು ಅದನ್ನ. ಬೀರುದಾಗ ಕುಂದ್ರೂದಕ್ಕ ಯಾಕ?"

ಇವರು ನನ್ನನ್ನು ತಡೆಯಲು ಹೊರಟಿರಲಿಲ್ಲ. ಕಳಿಸಿಕೊಡುತ್ತಿದ್ದರು. ತಾವು ಬರುವುದಿಲ್ಲವೆಂದು ಅವರ ಮನಸ್ಸು ಯಾವಾಗಲೋ ತೀರ್ಮಾನ ಮಾಡಿಬಿಟ್ಟಿತ್ತು, ನನಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಅವರ ಮೇಲೆ ಅಷ್ಟು ಪ್ರೀತಿ, ಅಷ್ಟು ಸಿಟ್ಟು ಎರಡೂ ಒಟ್ಟಿಗೆ ಬಂದದ್ದು ನನಗೆ ನೆನಪಿರುವಂತೆ ಅದೇ ಮೊದಲು.

"ಭಯಾನಾ?" ಎಂದೆ.

"ಹೂಂ," ಎಂದರು. ಆಮೇಲೆ ತಾವಾಗಿಯೇ ಹೇಳಿದರು. "ನಾ ಕೇಳದ ಮಷೀನ್‌ನ್ಯಾಗ ಹೆಂಗ ಕುಂದ್ರಲಿ? ಅದರ ಸದ್ದು ಸರಿ ಐತೋ ಇಲ್ಲೋ ನನಗೇನ ಗೊತ್ತು? ಏನರ ಆದ್ರ ಇಳಿಯಾಕೂ ಬರೂದಿಲ್ಲ."

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರೇನೋ. ಲಕ್ಷಾಂತರ ಜನ ಹಾರುತ್ತಾರೆ, ನಿಮಗೇನು ಎನ್ನುತ್ತಿದ್ದರು. ಆದರೆ ಈ ಮನುಷ್ಯ ಮಿಕ್ಸಿಯನ್ನೂ ಕೇಳದೆ ಕೊಂಡವರಲ್ಲ. ಭಯ ಬಿಡಿ ಎಂದು ಉಪದೇಶ ಮಾಡಿದರೆ ಆಗುವ ಕೆಲಸ ಅದಲ್ಲ. ಸದ್ದು ಗೊತ್ತಿಲ್ಲ ಎಂಬುದೇ ತಕರಾರಾದರೆ ಸದ್ದನ್ನು ಕೇಳಿಸಿದರಾಯಿತು. ಟೀಚರಿಗೆ ಇದಕ್ಕಿಂತ ಸುಲಭದ ಕೆಲಸ ಇನ್ನಾವುದಿದೆ? ಅಲ್ಲದೆ ಅದಕ್ಕೆ ಬೇಕಾದ ಯಂತ್ರ, ಸದ್ದೇ ಮಾಡದ ಫ್ಯಾನಿನ ಸಮೇತ, ಎದುರಿಗೇ ಇತ್ತು.

"ಮುಚ್ಚಳ ಹಾಕಿ," ಎಂದೆ.

ಅಂದಿನಿಂದ ಸಂಜೆಯ ಕಾಫಿಯ ಹೊತ್ತಿಗೆ ನಮ್ಮ ಹಾಲ್‌ನಲ್ಲಿ ವಿಮಾನ ಏಳತೊಡಗಿತು. ಪ್ರಯಾಣಿಕರು ತಮ್ಮ ಸೀಟಿನಲ್ಲಿ ಕೂತು ತೆಗೆದ ವಿಡಿಯೋಗಳು ಎಷ್ಟು ಬೇಕಾದರೂ ಸಿಗುತ್ತವೆ. ನಾವು ಹತ್ತಬೇಕಾದ ಮಾದರಿಯದೇ ವಿಮಾನವನ್ನು ಹುಡುಕಿ, ಚಿತ್ರ ಕಾಣದಂತೆ ಟಿವಿಗೆ ಟವೆಲು ಹೊದಿಸಿ, ಸ್ಪೀಕರನ್ನು ಜೋರಾಗಿ ಇಟ್ಟು ಕೇಳಿಸುತ್ತಿದ್ದೆ. ಮೊದಮೊದಲು ಅವರು ಕುರ್ಚಿಯ ಕೈ ಹಿಡಿದುಕೊಂಡು ಕೂರುತ್ತಿದ್ದರು. ವಿಮಾನ ನೆಲ ಬಿಡುವ ಹೊತ್ತಿಗೆ ಹಣೆಯಲ್ಲಿ ಬೆವರು. ಕಾಫಿ ಆರಿ ತಣ್ಣಗಾಗುತ್ತಿತ್ತು. ನಾನು ಬಿಡಲಿಲ್ಲ, ಮಗ್ಗಿ ಕಲಿಸುವ ಹಾಗೆ ಮತ್ತೆ ಮತ್ತೆ ಹಾಕಿದೆ.

ಒಂದು ದಿನ ಅವರು ಬೆರಳೆತ್ತಿದರು. "ಈ ಕುಂಯ್ ಅನ್ನೂದು ಏನು?" ನನಗೇನು ಗೊತ್ತು? ಇಬ್ಬರೂ ಹುಡುಕಿ ಓದಿದೆವು. ರೆಕ್ಕೆಯ ಹಿಂಬದಿಯ ಪಟ್ಟಿಗಳನ್ನು ಹೊರಗೆ ಚಾಚುವ ಮೋಟರಂತೆ. ಮಾರನೇ ದಿನ ಧಡ್ ಎಂಬ ಸದ್ದು ಹಿಡಿದರು. ಚಕ್ರಗಳು ಒಳಗೆ ಮಡಿಸಿಕೊಳ್ಳುವುದು. ಹೀಗೆ ಒಂದೊಂದೇ ಸದ್ದಿಗೆ ಹೆಸರು ಸಿಗುತ್ತ ಹೋದ ಹಾಗೆ ಅವರ ಕೈ ಕುರ್ಚಿಯನ್ನು ಬಿಟ್ಟಿತು. ಆಮೇಲಾಮೇಲೆ ಟೀಕೆ ಮಾಡುವ ಮಟ್ಟಕ್ಕೂ ಬಂದರು. "ಈ ವಿಮಾನ ಹಳೇದು, ಸೀಟಿನ ಬೋಲ್ಟ್ ಸಡಿಲ ಐತಿ," ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ತಾರಸಿಯಲ್ಲಿ ಬಟ್ಟೆ ತೆಗೆಯುವಾಗ ತಲೆಯ ಮೇಲೆ ಹಾದುಹೋಗುವ ವಿಮಾನಕ್ಕೂ ಕಿವಿ ಕೊಟ್ಟು, "ಚಕ್ರಾ ಬಿಟ್ಟ ನೋಡು," ಎನ್ನುತ್ತಿದ್ದರು.

ಆದರೂ ಬರುತ್ತೇನೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹಳೆಯ ಪಾಸ್‌ಪೋರ್ಟು ಒಪ್ಪಿಸುವ ದಿನ ಬಂತು. ಕೌಂಟರಿನ ಅಧಿಕಾರಿ ಅದನ್ನು ತೆರೆದು, ಬೆರಳಿಗೆ ಹತ್ತಿದ ಕುಂಕುಮವನ್ನು ನೋಡಿಕೊಂಡು, "ಏನ್ ಮೇಡಂ ಇದು?" ಎಂದರು.

"ಆಯುಧಪೂಜೆ ಸರ್. ಮನೆಯವರು ಕಳಿಸಿಕೊಡ್ತಿದ್ದಾರೆ ನನ್ನ."

ಅವರು ಬೆರಳು ಒರೆಸಿಕೊಂಡು ಸೀಲು ಹಾಕಿದರು. ಪೊಲೀಸ್ ಠಾಣೆಯಿಂದ ವಿಚಾರಿಸಲು ಬರುತ್ತಾರೆಂದು ಕಾಯುತ್ತ ಕೂರದೆ ನಾನೇ ಹೋಗಿ ವಿಚಾರಿಸಿಕೊಂಡು ಬಂದೆ. ದಿನವೂ ಶಾಲೆಯಿಂದ ಬಂದವಳು ಮೊದಲು ಗೇಟಿನ ಡಬ್ಬಿ ನೋಡುತ್ತಿದ್ದೆ. ಡಿಸೆಂಬರ್ ಬಂದೇ ಬಿಟ್ಟಿತು. ಹುಡುಗರು ಕಾರಿಡಾರಿನಲ್ಲಿ ಅಡ್ಡಗಟ್ಟಿ, "ಮಿಸ್, ಯಾವಾಗ ಹೋಗ್ತೀರಾ?" ಎಂದು ಕೇಳಿದಾಗ, "ರಜಾ ಬರಲಿ," ಎನ್ನುತ್ತಿದ್ದೆ. ದನಿ ಗಟ್ಟಿಯಾಗಿಯೇ ಇರುತ್ತಿತ್ತು. ಒಳಗೆ ಮಾತ್ರ ಹೆದರಿಕೆ ಇತ್ತು.

ಹೊಸ ಪಾಸ್‌ಪೋರ್ಟು ತಂದ ಪೋಸ್ಟ್‌ಮ್ಯಾನನ್ನು ನಾನು ಕೂರಿಸಿ ಕಾಫಿ ಕೊಟ್ಟೆ. ಯಜಮಾನರು ಅದನ್ನು ಅಂಗೈ ಒರೆಸಿಕೊಂಡು ತೆಗೆದುಕೊಂಡು, ತೆರೆದು ನೋಡಿ, ತೆರೆದಷ್ಟೇ ಜೋಪಾನವಾಗಿ ಮುಚ್ಚಿ ನನ್ನ ಕೈಗೆ ಕೊಟ್ಟರು.

ಹೊರಡುವ ಬೆಳಿಗ್ಗೆ ನನ್ನ ಪೆಟ್ಟಿಗೆ ಬಾಗಿಲಲ್ಲಿತ್ತು. ಅವರೂ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡಿದ್ದರು. ಹೆಂಡತಿಯನ್ನು ವಿಮಾನ ನಿಲ್ದಾಣದ ತನಕ ಬಿಟ್ಟು ಬರಲೋ, ಅದಕ್ಕಿಂತ ಮುಂದಕ್ಕೋ, ಷರ್ಟು ನೋಡಿ ತಿಳಿಯುವ ಹಾಗಿರಲಿಲ್ಲ. ಅವರ ಬಟ್ಟೆಯನ್ನು ನಾನು ಹಿಂದಿನ ದಿನವೇ ಇನ್ನೊಂದು ಪೆಟ್ಟಿಗೆಯಲ್ಲಿ ತುಂಬಿ ಮಂಚದ ಪಕ್ಕ ಇಟ್ಟಿದ್ದೆ. ಅದು ಅಲ್ಲೇ ಇತ್ತು. ಅಮ್ಮ ಸೋಫಾದಲ್ಲಿ ಕೂತಿದ್ದಳು, ನಾವು ಬರುವ ತನಕ ಮನೆ ನೋಡಿಕೊಳ್ಳಲು ಬಂದಿದ್ದಳು.

ನಾನು ಬೀರು ತೆಗೆದು ಅವರ ಪಾಸ್‌ಪೋರ್ಟು ತಂದೆ. ದೇವರ ಮುಂದಿನ ಬಟ್ಟಲಿನಿಂದ ಒಣ ಕುಂಕುಮ ಚಿಟಿಕೆಯಷ್ಟು ತೆಗೆದುಕೊಂಡು, ಪ್ಲಾಸ್ಟಿಕ್ ಕವರಿನ ಹೊರಗೆ, ನಾಲ್ಕೂ ಮೂಲೆಗೆ ಹಚ್ಚಿದೆ. ಅವರು ನಿಂತು ನೋಡುತ್ತಿದ್ದರು.

"ಹೊರಗ ಹಚ್ಚಿದ್ರ ಅಳಿಸಿ ಹೋಗತೈತಿ," ಎಂದರು.

"ಹೋಗ್ಲಿ. ಗೇಟ್ ದಾಟೋ ತನಕ ಇದ್ರೆ ಸಾಕು."

ಅವರು ಟಿವಿಯ ಹತ್ತಿರ ಹೋಗಿ ಬಗ್ಗಿ ಕಂಪ್ಯೂಟರ್ ಆಫ್ ಮಾಡಿದರು. ನಮಗ್ಯಾರಿಗೂ ಕೇಳದ ಆ ಫ್ಯಾನಿನ ಸದ್ದು ಪೂರ್ತಿ ನಿಲ್ಲುವ ತನಕ ಅಲ್ಲೇ ಬಗ್ಗಿ ನಿಂತಿದ್ದರು. ಆಮೇಲೆ ಒಳಗೆ ಹೋಗಿ ಮಂಚದ ಪಕ್ಕದ ಪೆಟ್ಟಿಗೆ ಎತ್ತಿಕೊಂಡು ಬಂದರು. ಅಮ್ಮ, "ನಾ ಏಳ್ಲಿಲ್ವಾ?" ಎಂದಳು. ಅವಳು ಏನು ಹೇಳಿದ್ದಳೋ ನನಗೆ ನೆನಪಾಗಲಿಲ್ಲ.

ವಿಮಾನದಲ್ಲಿ ಅವರು ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ಕುಂಯ್ ಎಂದಾಗ ಬೆರಳನ್ನು ಒಮ್ಮೆ ಒತ್ತಿದರು, ಧಡ್ ಎಂದಾಗ ಇನ್ನೊಮ್ಮೆ. ಎರಡು ಸಲವೂ ನಾನು "ಹೂಂ" ಎಂದೆ.

ಜನವರಿಯಲ್ಲಿ ಆ ಪಾಠ ಮಾಡಿದೆ. ಬೂದಿಯ ಮೇಲೆ ಕಾಲು ಹೇಗೆ ಹೂತುಹೋಗುತ್ತದೆ, ಮೆಟ್ಟಿಲು ಹತ್ತುವಾಗ ಗಂಧಕ ಗಂಟಲಿಗೆ ಹೇಗೆ ಅಡರುತ್ತದೆ, ಬಾಯಂಚಿನ ಕಂಬಿಗೆ ಕಿವಿ ಒತ್ತಿಕೊಂಡು ನಮ್ಮ ಮನೆಯವರು ಒಳಗಿನ ಮೊರೆತವನ್ನು ಎಷ್ಟು ಹೊತ್ತು ಕೇಳಿದರು, ಎಲ್ಲ ಹೇಳಿದೆ. ಆ ವರ್ಷ ನಾನು ಬರೆದ ಚಿತ್ರ ಮುಂಚಿನಷ್ಟು ಅಚ್ಚುಕಟ್ಟಾಗಿರಲಿಲ್ಲ. ಬಾಯಂಚು ಒಂದು ಕಡೆ ಕುಸಿದಿತ್ತು, ನಾನು ಕಂಡಿದ್ದು ಹಾಗೇ.

ಆ ಸಂಜೆ ಕಾಫಿ ತಂದಾಗ ಯಜಮಾನರು ಟಿವಿ ಹಾಕಿದ್ದರು. ನಾವು ಮೊದಲ ದಿನ ನೋಡಿದ ಅದೇ ವಿಡಿಯೋ, ಅದೇ ಹೊಗೆ, ಅದೇ ಮಿನುಗುವ ಬಯಲು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ರಿಮೋಟ್ ಎತ್ತಿ ತಾವೇ ಬಂದ್ ಮಾಡಿ, ಲೋಟಕ್ಕೆ ಕೈ ಚಾಚಿದರು.

"ಇದರಾಗ ವಾಸನಿ ಇಲ್ಲ," ಎಂದರು.